ಎಡಗಾಲಿನದು ಬಲಗಾಲಿಗೆ

ವೃಷಭೇಂದ್ರಯ್ಯನವರು ಎಡಗಾಲಿನ ಚಪ್ಪಲಿಯನ್ನು ಬಲಗಾಲಿಗೆ, ಬಲಗಾಲಿನದನ್ನು ಎಡಗಾಲಿಗೆ ಹಾಕಿಕೊಂಡು ನಡೆಯುತ್ತಿದ್ದರು. ಬೇಕೆಂದೇ ಹಾಗೆ ಮಾಡುತ್ತಿದ್ದರು. ಮೇಲಿನಿಂದ ನೋಡಿದರೆ ಬಹಳ ಅಚ್ಚುಕಟ್ಟಾದ ಮನುಷ್ಯ: ಹಣೆಯಲ್ಲಿ ವಿಭೂತಿ, ಇಸ್ತ್ರಿ ಮಾಡಿದ ಖಾದಿ ಜುಬ್ಬ, ಬಿಳಿ ಪಂಚೆ. ನೋಡುವವರ ಕಣ್ಣು ಇಳಿಯುತ್ತಾ ಬಂದು ಪಾದ ಮುಟ್ಟಿದರೆ, ಅಲ್ಲಿ ನೀಲಿ ಪಟ್ಟಿಯ ಹವಾಯಿ ಚಪ್ಪಲಿಗಳು ಜಗಳವಾಡಿದ ಗಂಡ ಹೆಂಡಿರ ಹಾಗೆ ಒಂದು ಆ ಕಡೆ, ಒಂದು ಈ ಕಡೆ ಮುಖ ತಿರುಗಿಸಿಕೊಂಡಿರುತ್ತಿದ್ದವು.

ಮಧುಗಿರಿಯ ಶಿಕ್ಷಕರ ತರಬೇತಿ ಶಾಲೆಯಲ್ಲಿ ಅವರು ಮನಶ್ಶಾಸ್ತ್ರದ ಉಪನ್ಯಾಸಕರು. ನಾನು ಅಲ್ಲಿ ವ್ಯಾಯಾಮ ಶಿಕ್ಷಕಿ, ಜೊತೆಗೆ ಹೆಣ್ಣುಮಕ್ಕಳ ಹಾಸ್ಟೆಲಿನ ವಾರ್ಡನ್. ಬೆಳೆದದ್ದು ಗಂಟೆ ಹೊಡೆದರೆ ಏಳುವ, ಗಂಟೆ ಹೊಡೆದರೆ ಉಣ್ಣುವ ಒಂದು ಉಚಿತ ವಿದ್ಯಾರ್ಥಿನಿಲಯದಲ್ಲಿ. ಸೊಟ್ಟಗಿರುವುದು ಕಣ್ಣಿಗೆ ಬಿದ್ದರೆ ನೆಟ್ಟಗೆ ಮಾಡದೆ ಮುಂದೆ ಹೋಗುವುದು ನನ್ನಿಂದ ಆಗುವುದಿಲ್ಲ. ಎಪ್ಪತ್ತರ ದಶಕದ ನಡುವಿನಲ್ಲಿ ನಾನು ಕೆಲಸಕ್ಕೆ ಸೇರಿದ ದಿನ, ಪರಿಚಯ ಮಾಡಿಕೊಳ್ಳುವುದಕ್ಕೂ ಮೊದಲೇ ಅವರ ಕಾಲು ತೋರಿಸಿ, ಚಪ್ಪಲಿ ಅದಲುಬದಲಾಗಿದೆ ಎಂದುಬಿಟ್ಟೆ.

"ಗೊತ್ತು ಕಣ್ರೀ ಮೇಡಂ," ಎಂದರು. "ನಡೀತಾ ಇದೀನಿ ಅನ್ನೋದು ಗೊತ್ತಿರ್ಲಿ ಅಂತಾನೇ ಹಂಗೆ ಹಾಕ್ಕೊಂಡಿರೋದು."

ಅವರ ವಾದ ಇಷ್ಟು. ಚಪ್ಪಲಿ ಸರಿಯಾಗಿದ್ದರೆ ಕಾಲು ತನ್ನ ಪಾಡಿಗೆ ತಾನು ನಡೆಯುತ್ತದೆ, ಮನುಷ್ಯ ಒಳಗೆ ಮಲಗಿಬಿಡುತ್ತಾನೆ. ಮನೆಯಿಂದ ಶಾಲೆಗೆ ಬಂದವನನ್ನು ದಾರಿಯಲ್ಲಿ ಏನು ಕಂಡೆ ಎಂದು ಕೇಳಿದರೆ ಹೇಳಲಾರ. ಬಂದದ್ದು ಅವನ ಕಾಲು ಮಾತ್ರ. ಚಪ್ಪಲಿ ಒಂದಿಷ್ಟು ಕಾಟ ಕೊಟ್ಟರೆ ಒಳಗಿನವನು ಎದ್ದು ಕೂರುತ್ತಾನೆ. ಹೀಗೆ ಎದ್ದು ಕೂತವನು ಯಾರು, ಅವನು ಎಲ್ಲಿರುತ್ತಾನೆ, ನಾವು ನಿದ್ದೆ ಮಾಡುವಾಗ ಎಲ್ಲಿ ಹೋಗಿರುತ್ತಾನೆ ಎನ್ನುವುದೇ ಅವರ ಜೀವಮಾನದ ಚಿಂತೆ. ಅದನ್ನು ಅವರು ಪ್ರಜ್ಞೆ ಎಂದು ಕರೆಯುತ್ತಿದ್ದದ್ದು ತರಗತಿಯಲ್ಲಿ ಮಾತ್ರ. ಹೊರಗೆ ಬಂದರೆ "ಒಳಗಿನ ಆಸಾಮಿ" ಎನ್ನುತ್ತಿದ್ದರು.

ತರಗತಿಯಲ್ಲಿ ಪುಸ್ತಕದ ಕನ್ನಡ, ಮಾತು ರಂಗೇರಿದರೆ ಹುಟ್ಟೂರು ಹೊಳವನಹಳ್ಳಿಯ ಕನ್ನಡ. ನನ್ನ ಆಟದ ಮೈದಾನಕ್ಕೂ ಅವರ ತರಗತಿಗೂ ನಡುವೆ ಒಂದೇ ಗೋಡೆ, ಅದರಲ್ಲಿ ಬಾಗಿಲಿಲ್ಲದ ಕಿಟಕಿ. ಹಾಗಾಗಿ ಅವರ ಪಾಠವನ್ನು ನಾನು ಶುಲ್ಕ ಕೊಡದ ವಿದ್ಯಾರ್ಥಿನಿಯಂತೆ ಎಷ್ಟೋ ವರ್ಷ ಕೇಳಿದ್ದೇನೆ. ಒಮ್ಮೆ ವಿದ್ಯಾರ್ಥಿಗಳನ್ನೆಲ್ಲ ಕಿಟಕಿಯ ಕಡೆ ತಿರುಗಿಸಿ, ಎದುರಿಗೆ ಆಕಾಶಕ್ಕೆ ಒರಗಿ ನಿಂತ ನಮ್ಮೂರ ಬೆಟ್ಟವನ್ನು ತೋರಿಸಿದರು. ಕಣ್ಣು ಬಿಟ್ಟು ನೋಡಿ, ಈಗ ಕಣ್ಣು ಮುಚ್ಚಿ ನೋಡಿ ಎಂದರು. ಈಗಲೂ ಕಾಣುತ್ತಿದೆಯಲ್ಲ, ಹಾಗಾದರೆ ಬೆಟ್ಟ ನಿಮ್ಮ ತಲೆಯ ಒಳಗಿದೆಯೋ ಹೊರಗಿದೆಯೋ ಎಂದು ಕೇಳಿದರು. ಪಾವಗಡದ ಕಡೆಯ ಹುಡುಗನೊಬ್ಬ ಕಣ್ಣು ಮುಚ್ಚಿಕೊಂಡೇ ಎದ್ದು ನಿಂತ.

"ಒಳಗಿದ್ದಿದ್ರೆ ಇಷ್ಟೊತ್ತಿಗೆ ತಲೆ ಪಗಿಲಿ ಚೂರಾಗಿ ಹೋಗ್ತಿತ್ತು ಸಾರ್."

ತರಗತಿ ಗೊಳ್ಳೆಂದಿತು. ಮೇಷ್ಟ್ರು ಮಾತ್ರ ನಗಲಿಲ್ಲ. ಆ ಹುಡುಗನ ಮಾತನ್ನು ಕಪ್ಪು ಹಲಗೆಯ ಮೇಲೆ ಬರೆದು, ದೊಡ್ಡ ದೊಡ್ಡ ತತ್ವಜ್ಞಾನಿಗಳು ಇದೇ ಜಾಗದಲ್ಲಿ ಬಂದು ನಿಂತು ಬೆವರಿದ್ದಾರೆ ಎಂದು ಹೇಳಿ ಅವನನ್ನು ಕೂರಿಸಿದರು. ಅವನ ಹೆಸರು ಅಂದಿನಿಂದ "ಬೆಟ್ಟ" ಎಂದೇ ಆಯಿತು.

ಕಥೆ ಓದದೆ ಯಾರೂ ಮೇಷ್ಟರಾಗಬಾರದು ಎನ್ನುವುದು ಅವರ ಇನ್ನೊಂದು ಹಟ. ಮನಶ್ಶಾಸ್ತ್ರದ ಉಪನ್ಯಾಸಕರು ಕಥೆ ಕಾದಂಬರಿ ಓದಿಸುವುದು ಏಕೆ ಎಂದು ಒಮ್ಮೆ ಕೇಳಿದೆ. ಚಹಾದ ಲೋಟ ಕೆಳಗಿಟ್ಟು ಹೇಳಿದರು: "ನೋಡಿ, ಒಳಗಿನ ಆಸಾಮಿ ಇದಾನೋ ಇಲ್ವೋ ಅಂತ ತತ್ವಶಾಸ್ತ್ರದೋರು ಬಾಗಿಲಲ್ಲಿ ನಿಂತು ವಾದ ಮಾಡ್ತಾರೆ. ನಮ್ಮ ಶಾಸ್ತ್ರದೋರು ಟೇಪು ಹಿಡ್ಕೊಂಡು ಬಾಗಿಲು ಅಳೀತಾರೆ. ಕಥೆ ಬರೆಯೋನು ಹಿತ್ತಲ ಕಡೆಯಿಂದ ಒಳಗೆ ಹೋಗಿ, ಅವನ ಜೊತೆ ಕೂತು ಕಾಫಿ ಕುಡಿದು ಬರ್ತಾನೆ."

ನನ್ನ ಡ್ರಿಲ್ ತರಗತಿ ಅವರಿಗೆ ಸದಾ ತಮಾಷೆಯ ವಸ್ತು. ಬಿಡುವಿದ್ದಾಗ ಮೈದಾನದ ಅಂಚಿನ ಹುಣಸೆಮರದ ಕೆಳಗೆ ಕೈಕಟ್ಟಿ ನಿಂತು ನೋಡುವರು. ಒಂದು ದಿನ ಸಾಲು ಸಾಲಾಗಿ ಎಡ ಬಲ ಹಾಕುತ್ತಿದ್ದ ಮಕ್ಕಳನ್ನು ನೋಡಿ, ಇವರೆಲ್ಲ ನಡೆಯುತ್ತಿದ್ದಾರೆ, ಆದರೆ ಒಬ್ಬರೂ ಇಲ್ಲಿಲ್ಲ ಎಂದು ಟೀಕೆ ಮಾಡಿದರು. ಇಲ್ಲದಿರಲಿ ಎಂದೇ ಡ್ರಿಲ್ ಮಾಡಿಸುವುದು, ಕಾಲು ಸರಿಯಾಗಿ ಬಿದ್ದರೆ ಸಾಕು ಎಂದೆ.

"ಹಂಗಾದ್ರೆ ಇಷ್ಟೂ ಜನರನ್ನ ನಡೆಸ್ತಾ ಇರೋರು ಯಾರು ಮೇಡಂ?"

"ನಾನು," ಎಂದು ಸೀಟಿ ಊದಿದೆ. ಆ ಉತ್ತರಕ್ಕೆ ಅವರು ಎಷ್ಟು ಖುಷಿಪಟ್ಟರೆಂದರೆ, ಮನಶ್ಶಾಸ್ತ್ರದ ತರಗತಿಯಲ್ಲಿ ಆತ್ಮದ ವಿಷಯ ಬಂದಾಗಲೆಲ್ಲ ಕಿಟಕಿಯ ಕಡೆ ಕೈ ತೋರಿಸಿ, ಅದು ಸಿಕ್ಕಿಬಿಟ್ಟಿದೆ, ಪಕ್ಕದ ಮೈದಾನದಲ್ಲಿ ಸೀಟಿ ಊದುತ್ತಿದೆ ಎನ್ನುವರು.

ಅವರ ಸಿದ್ಧಾಂತಕ್ಕೆ ಪೆಟ್ಟು ಬಿದ್ದದ್ದು ತೋವಿನಕೆರೆಯಿಂದ. ನಮ್ಮ ವಿದ್ಯಾರ್ಥಿಗಳು ಸುತ್ತಲ ಹಳ್ಳಿಗಳಿಗೆ ಹೋಗಿ ಅಲ್ಲಿನ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿ ಅಭ್ಯಾಸ ಮಾಡಿಕೊಳ್ಳಬೇಕಿತ್ತು. ತೋವಿನಕೆರೆಯ ಕಡೆ ಹೋದವನು ಬರಗೂರಿನ ನಾಗಭೂಷಣ. ಗುರುಗಳು ಹೇಳಿದ್ದನ್ನು ಗುಲಗಂಜಿಯಷ್ಟೂ ಬಿಡದೆ ಪಾಲಿಸುವವನು. ಹಳ್ಳಿಯ ಮಕ್ಕಳ ಕಾಲಿನಲ್ಲಿ ಚಪ್ಪಲಿ ಎಲ್ಲಿಂದ ಬರಬೇಕು? ಅದಕ್ಕೆ ಅವನು ಯೋಚಿಸಿ, ಒಳಗಿನ ಆಸಾಮಿ ಎಚ್ಚರವಾಗಿರಬೇಕಾದರೆ ಎಲ್ಲರೂ ಒಂದು ವಾರ ಎಡಗೈಯಲ್ಲಿ ಊಟ ಮಾಡಿ ಎಂದು ಮೂರನೇ ತರಗತಿಗೆ ಅಪ್ಪಣೆ ಕೊಟ್ಟಿದ್ದ.

ವಾರ ಮುಗಿಯುವವರೆಗೂ ಊರು ತಡೆದುಕೊಳ್ಳಲಿಲ್ಲ. ಈರಕ್ಕ ಎಂಬ ಕುರಿ ಮೇಯಿಸುವ ಹೆಂಗಸು ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಮಗನನ್ನು ಹಿಡಿದುಕೊಂಡು ಬಸ್ಸು ಹತ್ತಿ ಮಧುಗಿರಿಗೇ ಬಂದಳು. ನಾಗಭೂಷಣ ತನ್ನ ಗುರುವಿನ ಹೆಸರು ಹೇಳಿ ಕೈತೊಳೆದುಕೊಂಡಿದ್ದ. ಅಧ್ಯಾಪಕರ ಕೋಣೆಯ ಬಾಗಿಲಲ್ಲಿ ನಿಂತು ಅವಳು ಕೇಳಿದ್ದು ಒಂದೇ.

"ಎಡಗೈಲಿ ಉಣ್ಣೋಕೆ ಹೇಳ್ಕೊಡೋ ಮೇಷ್ಟ್ರು ಯಾರು?"

ಉಳಿದ ಅಧ್ಯಾಪಕರೆಲ್ಲ ಒಟ್ಟಿಗೆ ಒಂದೇ ಕಡೆ ನೋಡಿದರು. ವೃಷಭೇಂದ್ರಯ್ಯನವರು ಎದ್ದು ಕೈ ಮುಗಿದರು.

"ತಾಯಿ, ತಪ್ಪು ತಿಳ್ಕೋಬೇಡ. ಕೈ ಅದ್ರ ಪಾಡಿಗೆ ಅದು ಬಾಯಿಗೆ ಹಾಕ್ತಿರ್ತದೆ, ಮನಸ್ಸು ಇನ್ನೆಲ್ಲೋ ಇರ್ತದೆ. ಏನು ಉಂಡೆ ಅನ್ನೋದೇ ಮನುಷ್ಯನಿಗೆ ಗೊತ್ತಾಗಲ್ಲ. ಅದು ಗೊತ್ತಾಗ್ಲಿ ಅಂತ."

"ಗೊತ್ತಾಗ್ದಂಗೆ ಉಣ್ಣೋಕೆ ನಮ್ಮನೇಲಿ ಅಷ್ಟೊಂದ್ ಮುದ್ದೆ ಎಲ್ಲೈತೆ ಸ್ವಾಮಿ?" ಎಂದಳು ಈರಕ್ಕ. "ಒಂದೊಂದ್ ತುತ್ತೂ ನೋಡ್ಕೊಂಡೇ ಉಣ್ತಾನೆ ನನ್ ಮಗ. ಹೊಟ್ಟೆ ತುಂಬಿದೋರ್ಗೆ ಹೇಳ್ಕೊಳ್ಳಿ ನಿಮ್ ಎಡಗೈ ಇದ್ಯೆನ."

ಮೇಷ್ಟ್ರು ನಿಂತಲ್ಲೇ ಕೂತರು. ಆಮೇಲೆ ನಗಲು ಶುರುಮಾಡಿದವರು ಕಣ್ಣಲ್ಲಿ ನೀರು ಬರುವವರೆಗೂ ನಕ್ಕರು. ಈರಕ್ಕನಿಗೆ ಮೊದಲು ಸಿಟ್ಟು ಬಂತು, ಮತ್ತೆ ಅವಳಿಗೂ ನಗು ಬಂತು. ಹೋಗುವಾಗ ಅವರ ಕಾಲಿನ ಕಡೆ ನೋಡಿ, "ಇದ್ಕೂ ಅದೇ ಕಾಯಿಲೆನಾ?" ಎಂದು ನನ್ನನ್ನು ಕೇಳಿ ಹೋದಳು. ಮುಂದೆ ಪ್ರತಿವರ್ಷವೂ ಹೊಸ ವಿದ್ಯಾರ್ಥಿಗಳಿಗೆ ಅವರು ಹೇಳುತ್ತಿದ್ದ ಮೊದಲ ಪಾಠ ಇದೇ. ಎಚ್ಚರ ಕಲಿಸಲು ಹೊರಟವನು ಎದುರಿಗಿರುವವರು ಆಗಲೇ ಎಚ್ಚರವಾಗಿದ್ದಾರೋ ಇಲ್ಲವೋ ಮೊದಲು ನೋಡಿಕೊಳ್ಳಬೇಕು ಎನ್ನುವರು. ಚಪ್ಪಲಿಯನ್ನು ಮಾತ್ರ ಸರಿಮಾಡಿಕೊಳ್ಳಲಿಲ್ಲ.

ಅವರ ಹೆಂಡತಿ ಗಿರಿಜಮ್ಮ ಪಾವಗಡದ ಕಡೆಯವರು, ಮಾತಿನಲ್ಲಿ ಅರ್ಧ ತೆಲುಗು. ಹಾಸ್ಟೆಲಿನ ಎದುರೇ ಮನೆಯಾದ್ದರಿಂದ ನನಗೆ ಬೇಗ ಬಳಕೆಯಾದರು. ಈ ಮನುಷ್ಯನ ಜೊತೆ ಬಾಳಬಹುದು, ಇವರ ಚಪ್ಪಲಿಯ ಜೊತೆ ಬಾಳೋದು "ಚಾಲಾ ಕಷ್ಟಮು" ಎನ್ನುವರು. ಮದುವೆ ಮನೆಗೆ ಹೋದರೆ ಜನ ವಧೂವರರನ್ನು ಬಿಟ್ಟು ಇವರ ಕಾಲು ನೋಡುತ್ತಾರಂತೆ. ಗಿರಿಜಮ್ಮನದು ಬೆಳಿಗ್ಗೆ ಎದ್ದಾಗಿನಿಂದ ಗಂಡನನ್ನು ಬೈಯುವ ಬಾಯಿ. ಆ ಬೈಗುಳ ನಿಂತರೆ ಮನೆಯಲ್ಲಿ ಏನೋ ಆಗಿದೆ ಎಂದು ತಿಳಿಯಬೇಕು.

ಒಂದು ಬೆಳಿಗ್ಗೆ ಪರೀಕ್ಷೆಯ ಮೇಲ್ವಿಚಾರಣೆಗೆಂದು ನಾನೂ ಅವರೂ ಸಿರಾಕ್ಕೆ ಹೋಗಬೇಕಿತ್ತು. ನನಗೆ ಯಾವತ್ತೂ ಬಸ್ಸು ತಪ್ಪಿದ್ದೇ ಇಲ್ಲ. ಹೊತ್ತಿಗೆ ಮೊದಲೇ ಅವರ ಮನೆಯ ಮುಂದೆ ನಿಂತಿದ್ದೆ. ಒಳಗಿನಿಂದ ಅವಸರದಲ್ಲಿ ಬಂದವರು ಹೆಂಡತಿಗೆ ಏನೋ ಹೇಳುತ್ತಾ, ಹಿಂದೆ ತಿರುಗಿಕೊಂಡೇ ಚಪ್ಪಲಿಗೆ ಕಾಲು ತೂರಿಸಿದರು. ಎಂದಿನಂತೆ ಅದಲುಬದಲು. ನಾನು ಸುಮ್ಮನಿರಬಹುದಿತ್ತು.

"ಸಾರ್, ಈಗ ನೀವು ನೋಡದೆ ಹಾಕ್ಕೊಂಡ್ರಿ," ಎಂದೆ.

ಅವರು ತಲೆ ತಗ್ಗಿಸಿ ಪಾದ ನೋಡಿಕೊಂಡರು. ಚಪ್ಪಲಿ ಬಿಚ್ಚಿದರು. ಕಣ್ಣು ಮುಚ್ಚಿ ಮತ್ತೆ ಹಾಕಿಕೊಂಡರು. ಕಾಲು ತಡವರಿಸದೆ ಹೋಗಿ ಅದಲುಬದಲಾಗಿಯೇ ಸೇರಿಕೊಂಡಿತು. ಇನ್ನೊಮ್ಮೆ ಮಾಡಿದರು, ಹಾಗೆಯೇ. ಅಂಗಳದಲ್ಲಿ ಪೆಚ್ಚಾಗಿ ನಿಂತ ಅವರ ಮುಖವನ್ನು ನಾನು ಮರೆಯಲಾರೆ. ಇಪ್ಪತ್ತು ವರ್ಷ ಕಾವಲಿಗೆ ಸಾಕಿದ ನಾಯಿ ಕಳ್ಳನ ಕೈಯಲ್ಲೇ ಅನ್ನ ತಿನ್ನುತ್ತಿದ್ದದ್ದು ಈಗ ತಿಳಿದವರ ಹಾಗಿದ್ದರು. ನಾನು ಬಸ್ಸು ಹಿಡಿದೆ. ಅವರು ಬರಲಿಲ್ಲ. ಮಧ್ಯಾಹ್ನದ ಬಸ್ಸಿಗೆ ಸಿರಾ ತಲುಪಿ, ಪರೀಕ್ಷೆ ನಡೆಯುತ್ತಿದ್ದ ಕೊಠಡಿಯ ಬಾಗಿಲಲ್ಲಿ ನನ್ನನ್ನು ಕರೆದು, ಪಿಸುದನಿಯಲ್ಲಿ ತಮ್ಮ ತೀರ್ಪು ಹೇಳಿದರು.

"ಅಭ್ಯಾಸ ನನ್ನೂ ತಿಂದು ತೇಗ್ಬುಡ್ತು ಮೇಡಂ. ಇನ್ಮೇಲೆ ನನ್ ಪಾಲಿಗೆ ಸರಿಯಾಗಿ ಹಾಕ್ಕೊಳ್ಳೋದೇ ಎಚ್ಚರ."

ಹಾಗೆಂದವರು ಮರುದಿನದಿಂದ ಸರಿಯಾಗಿ ಹಾಕಿಕೊಂಡರೇ? ಇಲ್ಲ. ದಿನವೂ ಸರಿಯಾಗಿ ಹಾಕಿಕೊಂಡರೆ ಅದೂ ಅಭ್ಯಾಸವಾಗುತ್ತದೆಯಲ್ಲ. ಆದ್ದರಿಂದ ಚಪ್ಪಲಿ ನೆಟ್ಟಗೆ ಹಾಕಿಕೊಳ್ಳುವುದನ್ನು ಅವರು ಅಪರೂಪದ ಹೊತ್ತಿಗೆಂದು ತೆಗೆದಿಟ್ಟರು, ನಾವು ರೇಷ್ಮೆ ಸೀರೆಯನ್ನು ತೆಗೆದಿಡುವ ಹಾಗೆ. ಮಗಳು ಶೈಲಜಳ ಮದುವೆಯ ದಿನ ನೆಟ್ಟಗೆ ಹಾಕಿಕೊಂಡಿದ್ದರು. ನಾನು ಕಂಡ ಇನ್ನೊಂದು ಸಲವೆಂದರೆ ನನ್ನ ತಾಯಿ ತೀರಿಕೊಂಡಾಗ. ಕೊರಟಗೆರೆಯ ನಮ್ಮ ಮನೆಗೆ ಬಂದು ಹೋಗುವವರೆಲ್ಲ ಹೇಳಿದ್ದನ್ನೇ ಹೇಳುತ್ತಿದ್ದರು. ನಾನೂ ಹೇಳಿದ್ದನ್ನೇ ಹೇಳುತ್ತಿದ್ದೆ. ಇವರು ಬಂದು ಹೊಸ್ತಿಲಾಚೆ ಚಪ್ಪಲಿ ಬಿಡುವಾಗ ನನ್ನ ಕಣ್ಣು ಅಭ್ಯಾಸಬಲದಿಂದ ಅಲ್ಲಿಗೆ ಹೋಯಿತು. ಎಡ ಎಡಕ್ಕಿತ್ತು, ಬಲ ಬಲಕ್ಕಿತ್ತು. ನಾನು ನೋಡಿದ್ದನ್ನು ಅವರೂ ನೋಡಿದರು.

"ಇವತ್ತು ಪೂರ್ತಿ ಬಂದಿದೀನಿ ಮೇಡಂ," ಎಂದರು.

ತತ್ವ ಹೇಳಲಿಲ್ಲ. ಅಮ್ಮ ಹೇಗೆ ನಗುತ್ತಿದ್ದರು, ಯಾವ ಪಲ್ಯ ಚೆನ್ನಾಗಿ ಮಾಡುತ್ತಿದ್ದರು, ಯಾವುದಕ್ಕೆ ಸಿಟ್ಟಾಗುತ್ತಿದ್ದರು ಎಂದು ಒಂದೊಂದಾಗಿ ಕೇಳಿದರು. ಅದುವರೆಗೂ ಬಂದವರಿಗೆಲ್ಲ ಕಾಫಿ ಕೊಟ್ಟು ಕಳಿಸುತ್ತಿದ್ದ ನಾನು ಆಗ ಅತ್ತೆ.

ನಿವೃತ್ತಿಯಾದ ಮೇಲೆ ಅವರು ಸಿರಾದಲ್ಲಿದ್ದ ಮಗಳ ಮನೆಗೇ ಹೋದರು. ಶೈಲಜಳ ಗಂಡ ಮಲ್ಲಿಕಾರ್ಜುನ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದ. ಅಂಗಡಿಯ ಹಿಂಭಾಗದಲ್ಲೇ ಮನೆ. ಎಂಬತ್ತರ ದಶಕ ಅರ್ಧ ಕಳೆದಿದ್ದಾಗ ಮೇಷ್ಟರಿಗೆ ಲಕ್ವ ಹೊಡೆಯಿತೆಂದು ಸುದ್ದಿ ಬಂತು. ಬಲಭಾಗ ಬಿದ್ದುಹೋಯಿತು, ಮಾತು ನಿಂತಿತು. ಅವರು ಹೋದದ್ದು ಮುಂದಿನ ಬೇಸಿಗೆಯಲ್ಲಿ. ಅದಕ್ಕೆ ಕೆಲವು ತಿಂಗಳು ಮೊದಲು, ಒಂದು ಭಾನುವಾರ, ನಾನು ಅವರನ್ನು ಕಡೆಯ ಬಾರಿಗೆ ನೋಡಿದೆ.

ಮುಂದಿನ ಪಡಸಾಲೆಯಲ್ಲಿ ಮಂಚ, ಅದರ ಮೇಲೆ ದಿಂಬಿಗೆ ಒರಗಿಸಿ ಕೂರಿಸಿದ್ದರು. ಕಣ್ಣು ತೆರೆದಿತ್ತು, ನೋಟ ಎಲ್ಲಿಯೂ ನಿಂತಿರಲಿಲ್ಲ. ಇವರಿಗೆ ಎಷ್ಟು ತಿಳಿಯುತ್ತದೆ ಎನ್ನುವುದನ್ನು ಹೇಳಲಾಗದು ಎಂದು ಡಾಕ್ಟರು ಹೇಳಿದ್ದರಂತೆ. ಮನೆಯವರು ಅದನ್ನು ಏನೂ ತಿಳಿಯುವುದಿಲ್ಲ ಎಂದು ಅರ್ಥಮಾಡಿಕೊಂಡಿದ್ದರು. ಮಲ್ಲಿಕಾರ್ಜುನ ಕೆಟ್ಟವನಲ್ಲ, ದಣಿದಿದ್ದ. ಅಂಗಡಿಗೆ ಬರುವ ಗಿರಾಕಿಗಳೆಲ್ಲ ಬಾಗಿಲಲ್ಲಿ ಇಣುಕಿ ಅಯ್ಯೋ ಪಾಪ ಎಂದು ಹೋಗುತ್ತಾರೆ, ಅದಕ್ಕೆ ನಾಳೆ ಮಂಚವನ್ನು ಹಿಂದಿನ ಕೋಣೆಗೆ ಹಾಕಿಸುತ್ತೇನೆ ಎಂದು ಮಾವನ ತಲೆಯ ಮೇಲಿನಿಂದಲೇ ನನಗೆ ಹೇಳಿದ. ಆ ಕೋಣೆಯನ್ನು ನಾನು ನೋಡಿದೆ. ಕಬ್ಬಿಣದ ತಂತಿಯ ಸುರುಳಿಗಳು, ಬಣ್ಣದ ಡಬ್ಬಗಳು, ಎತ್ತರದಲ್ಲೊಂದು ಬೆಳಕಿಂಡಿ.

"ಮಾವನೋರು ಇದ್ದೂ ಇಲ್ದಂಗೆ ಮೇಡಂ," ಎಂದ ಅವನು. "ಎಲ್ಲಿದ್ರೂ ಒಂದೇ ಅವ್ರಿಗೆ."

ಗಿರಿಜಮ್ಮ ಬೈಯುತ್ತಿರಲಿಲ್ಲ. ನನಗೆ ಭಯವಾದದ್ದು ಅದಕ್ಕೆ. ಮೊದಮೊದಲು ಎಂದಿನಂತೆ ದಿನವಿಡೀ ಬೈಯುತ್ತಿದ್ದರಂತೆ, ಗೋಡೆಯ ಜೊತೆ ಮಾತಾಡುತ್ತೀಯಲ್ಲಮ್ಮ ಎಂದು ಮಗಳು ಅತ್ತ ಮೇಲೆ ನಿಲ್ಲಿಸಿದ್ದರು. ಅಡುಗೆಮನೆಗೆ ನನ್ನನ್ನು ಕರೆದುಕೊಂಡು ಹೋಗಿ ಕೈ ಹಿಡಿದು ಕೇಳಿದರು.

"ನೀವು ಸೂಟಿಯಾಗಿ, ಇದ್ದಿದ್ದು ಇದ್ದಂಗೆ ಹೇಳ್ತೀರಾ ಮೇಡಂ, ಅದ್ಕೆ ಕೇಳ್ತೀನಿ. ಲೋಪಲ ಅವ್ರು ಇದಾರಾ? ಇದ್ರೆ ನಾನು ಮಂಚ ಹಿಡ್ಕೊಂಡು ಕೂತ್ಕೊಂತೀನಿ, ಅಳ್ಳಾಡ್ಸೋಕೆ ಬಿಡಲ್ಲ. ಇಲ್ದಿದ್ರೆ ಯಾರ ಜೊತೆ ಜಗಳ ಆಡ್ಲಿ?"

ಒಳಗೆ ಅವರಿದ್ದಾರೆಯೇ? ಅವರು ಜೀವಮಾನವೆಲ್ಲ ಕೇಳಿಕೊಂಡು ಬಂದ ಪ್ರಶ್ನೆಯನ್ನು ಈಗ ಅವರ ಹೆಂಡತಿ ನನಗೆ ಕೇಳುತ್ತಿದ್ದರು. ನನ್ನ ಬಳಿ ಸೀಟಿಯೂ ಇರಲಿಲ್ಲ. ಗೊತ್ತಿಲ್ಲ ಎಂದೆ.

ಸಂಜೆ ಮೇಷ್ಟರನ್ನು ಇಬ್ಬರು ಹಿಡಿದು ಅಂಗಳದವರೆಗೆ ನಡೆಸುವುದು ವಾಡಿಕೆ. ಗಿರಿಜಮ್ಮ ಮಂಚದ ಕೆಳಗಿನಿಂದ ಅದೇ ನೀಲಿ ಪಟ್ಟಿಯ ಚಪ್ಪಲಿ ತೆಗೆದು, ಗಂಡನ ರೂಢಿಯಂತೆ ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಇಟ್ಟರು. ದಿನವೂ ಹಾಗೆಯೇ ಇಡುತ್ತಿದ್ದರಂತೆ. ಮೇಷ್ಟ್ರು ಶಕ್ತಿಯಿರುವ ಎಡಗಾಲನ್ನು ತಾವೇ ತೂರಿಸುವರು, ಬಲಗಾಲನ್ನು ಗಿರಿಜಮ್ಮ ಎತ್ತಿ ಸೇರಿಸುವರು. ಅಂದು ಮಲ್ಲಿಕಾರ್ಜುನ ಒಂದು ಕಡೆ, ನಾನು ಒಂದು ಕಡೆ ತೋಳು ಹಿಡಿದು ಕಾದೆವು. ಎಡಗಾಲು ಕೆಳಗಿಳಿಯಿತು. ಚಪ್ಪಲಿಯ ಮೇಲೆ ಬಂದು ನಿಂತಿತು. ಒಳಗೆ ಹೋಗಲಿಲ್ಲ.

"ಹಾಕ್ಕೊಳ್ಳಿ ಮಾವ," ಎಂದು ಮಲ್ಲಿಕಾರ್ಜುನ ಬಗ್ಗಿದ. ನಾನು ಅವನ ಭುಜ ಹಿಡಿದು ತಡೆದೆ.

ಆ ಪಾದ ಚಪ್ಪಲಿಯ ಅಂಚಿಗೆ ಹೆಬ್ಬೆರಳು ತಾಗಿಸಿ ಅದನ್ನು ಬಲಕ್ಕೆ ತಳ್ಳಿತು. ತಳ್ಳಿ ಸುಸ್ತಾಗಿ ನಿಂತಿತು. ಮತ್ತೆ ಹೋಗಿ ಆ ಕಡೆಯ ಚಪ್ಪಲಿಯ ಪಟ್ಟಿಗೆ ಬೆರಳು ಸಿಕ್ಕಿಸಿ ಎಳೆಯಿತು, ಅದು ಜಾರಿತು, ಮತ್ತೆ ಸಿಕ್ಕಿಸಿತು. ಸೊಟ್ಟಗಿರುವುದನ್ನು ಕಂಡರೆ ತಾನಾಗಿ ಮುಂದೆ ಹೋಗುವ ನನ್ನ ಕೈಯನ್ನು ನಾನು ಸೊಂಟಕ್ಕೆ ಒತ್ತಿ ಹಿಡಿದುಕೊಂಡಿದ್ದೆ. ಅಂಗಡಿಯಲ್ಲಿ ಯಾರೋ ಮೊಳೆ ಕೇಳುತ್ತಿದ್ದರು, ಯಾರೂ ಹೋಗಲಿಲ್ಲ. ಕೊನೆಗೆ ಎಡದ್ದು ಎಡಕ್ಕೆ ಬಂತು, ಬಲದ್ದು ಬಲಕ್ಕೆ ಹೋಯಿತು. ಅವರು ಎಡಗಾಲನ್ನು ಅದರೊಳಗೆ ಇಟ್ಟು, ತಲೆಯನ್ನು ಕಷ್ಟದಿಂದ ಹೊರಳಿಸಿ, ನನ್ನ ಕಡೆ ನೋಡಿದರು.

ಮನಶ್ಶಾಸ್ತ್ರ ಬಲ್ಲವರು ಇದಕ್ಕೆ ಬೇರೆ ಕಾರಣ ಕೊಡಬಹುದು. ಆ ಕಾಲಿನ ಅಭ್ಯಾಸ ಯಾವುದು, ಎಚ್ಚರ ಯಾವುದು ಎನ್ನುವುದು ನನಗೆ ಗೊತ್ತಿತ್ತು.

"ಪೂರ್ತಿ ಬಂದಿದಾರೆ ಗಿರಿಜಮ್ಮ," ಎಂದೆ.

ಮಲ್ಲಿಕಾರ್ಜುನ ಮಾವನ ತೋಳು ಬಿಡದೆ, ಮುಖವನ್ನು ಮಾತ್ರ ಅಂಗಡಿಯ ಕಡೆ ತಿರುಗಿಸಿಕೊಂಡ. ಮಂಚ ಎಲ್ಲಿತ್ತೋ ಅಲ್ಲೇ ಉಳಿಯಿತು. ಆ ಮಾತನ್ನು ಅವನು ಮತ್ತೆ ಎತ್ತಲಿಲ್ಲ. ಗಿರಿಜಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡು ಗಂಡನ ಎದುರಿಗೆ ಬಂದು ನಿಂತರು. ಸೊಂಟದ ಮೇಲೆ ಕೈ ಹೋಯಿತು.

"ಏಮಂಡಿ, ಅಂಗಾರೆ ಇಷ್ಟ್ ದಿನ ನಾನು ಬೈದಿದ್ದೆಲ್ಲಾ ಕೇಳಿಸ್ಕೊಂಡೇ ಕೂತಿದ್ರಾ?"

ಮೇಷ್ಟರ ತುಟಿಯ ಎಡ ತುದಿ ಒಂದಿಷ್ಟು ಮೇಲೆ ಹೋಯಿತು. ಗಿರಿಜಮ್ಮ ಬಿಟ್ಟಲ್ಲಿಂದ ಬೈಯಲು ಶುರುಮಾಡಿದರು. ಮದುವೆ ಮನೆಗಳು ಬಂದವು, ಈರಕ್ಕ ಬಂದಳು, ಸಿರಾದ ಪರೀಕ್ಷೆ ಬಂತು, ಒಂದನ್ನೂ ಬಿಡಲಿಲ್ಲ. ನಾವು ಅವರನ್ನು ಅಂಗಳದಲ್ಲಿ ಕೂರಿಸಿ ಸುತ್ತ ಕುಳಿತು ಕೇಳುತ್ತಿದ್ದೆವು.

ಆ ದಿನ ಮಧುಗಿರಿಯ ಬಸ್ಸು ನನಗೆ ತಪ್ಪಿತು.